ಕಠ್ಮಂಡುವಿನ ಶಹೀದ್ ಗೇಟ್: ಹುತಾತ್ಮರ ಪಟ್ಟಿ ಬೆಳೆಯಿತು, ಗುಂಡಿನ ಲೆಕ್ಕ ಸಿಗಲಿಲ್ಲ

2025ರ ಸೆಪ್ಟೆಂಬರ್ 8ರಂದು ಜೆನ್ ಝೀ ಚಳವಳಿ ಎಂದು ಹೆಸರಾದ ಪ್ರತಿಭಟನೆಗೆ ಕಠ್ಮಂಡುವಿನಲ್ಲಿ ಬೀದಿಗಿಳಿದ ಹುಡುಗ ಹುಡುಗಿಯರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಒಂದೇ ದಿನ 19 ಜನ ಸತ್ತರು ಎಂಬ ಸುದ್ದಿ ಬಂತು. ಮಾರನೆಯ ದಿನ ಸಂಸತ್ ಭವನ, ಸುಪ್ರೀಂ ಕೋರ್ಟ್, ಸರ್ಕಾರದ ಆಡಳಿತ ಕೇಂದ್ರವಾದ ಸಿಂಹ ದರ್ಬಾರ್ ಎಲ್ಲಕ್ಕೂ ಬೆಂಕಿ ಬಿತ್ತು. ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. 12ರಂದು ಸುಪ್ರೀಂ ಕೋರ್ಟಿನ ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು. ಇಲ್ಲಿಯವರೆಗಿನ ಕಥೆ ನಮ್ಮ ಟಿವಿಗಳಲ್ಲೂ ಬಂತು. ಕರ್ನಾಟಕದಿಂದ ಹೋಗಿದ್ದ ಪ್ರವಾಸಿಗರು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರಿಂದ ಸ್ವಲ್ಪ ಜಾಸ್ತಿಯೇ ಬಂತು.

ಗೊಂದಲ ಶುರುವಾದದ್ದು ಆಮೇಲೆ. 8ರಂದು ಪ್ರಾಣ ಬಿಟ್ಟವರನ್ನು ಹುತಾತ್ಮರು ಎಂದು ಘೋಷಿಸುವುದಾಗಿ ಹೊಸ ಸರ್ಕಾರ ಹೇಳಿತು. ಪ್ರತಿ ಕುಟುಂಬಕ್ಕೆ 10 ಲಕ್ಷ ನೇಪಾಳಿ ರೂಪಾಯಿ ಕೊಡುವುದಾಗಿಯೂ ಹೇಳಿತು. ನಮ್ಮ ಲೆಕ್ಕದಲ್ಲಿ ಅದು ಸುಮಾರು ಆರೂಕಾಲು ಲಕ್ಷ. ಅದಾಗಿ ಕೆಲವೇ ದಿನಕ್ಕೆ, ಗುಂಡು ಹಾರಿಸಲು ಹೇಳಿದ್ದು ಯಾರು ಎಂದು ಪತ್ತೆ ಹಚ್ಚಲು ಒಂದು ತನಿಖಾ ಆಯೋಗವನ್ನೂ ನೇಮಿಸಿತು. ಓದುಗರಿಗೆ ಪ್ರಶ್ನೆ ಬರುವುದು ಸಹಜ. ತನಿಖೆ ಇನ್ನೂ ಶುರುವೇ ಆಗಿರಲಿಲ್ಲ, ಹುತಾತ್ಮರು ಯಾರು ಎಂದು ಮೊದಲೇ ಹೇಗೆ ತೀರ್ಮಾನವಾಯಿತು? ಎರಡೂ ದಿನ ಸೇರಿ 70ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅವರಲ್ಲಿ ಉರಿಯುವ ಕಟ್ಟಡದೊಳಗೆ ಸಿಕ್ಕಿಕೊಂಡವರಿದ್ದಾರೆ, ಜೈಲಿನಲ್ಲಿದ್ದ ಕೈದಿಗಳಿದ್ದಾರೆ, ಮೂವರು ಪೊಲೀಸರೂ ಇದ್ದಾರೆ. ಇವರೆಲ್ಲ ಯಾವ ಲೆಕ್ಕಕ್ಕೆ?

ನೇಪಾಳಕ್ಕೆ ಈ ಪ್ರಶ್ನೆ ಹೊಸದಲ್ಲ. ಕಠ್ಮಂಡುವಿನ ನಡುಮಧ್ಯದ ಒಂದು ಕಮಾನಿನ ಕಥೆ ನೋಡಿದರೆ ಈಗ ಆಗುತ್ತಿರುವುದು ಬಹುಮಟ್ಟಿಗೆ ಅರ್ಥವಾಗುತ್ತದೆ.

ಕಮಾನಿನ ನಾಲ್ವರು

ಕಠ್ಮಂಡುವಿನಲ್ಲಿ ತುಂಡಿಖೇಲ್ ಎಂಬ ದೊಡ್ಡ ಮೈದಾನವಿದೆ. ಅದರ ದಕ್ಷಿಣದ ಕಡೆ, ಭದ್ರಕಾಳಿ ದೇವಸ್ಥಾನದ ಹತ್ತಿರ ನಿಂತಿರುವ ಕಮಾನೇ ಶಹೀದ್ ಗೇಟ್. 1941ರ ಜನವರಿ ಕೊನೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಕೊಲ್ಲಲ್ಪಟ್ಟ ನಾಲ್ವರ ನೆನಪಿಗೆ ಕಟ್ಟಿದ್ದು ಅದು: ಶುಕ್ರರಾಜ್ ಶಾಸ್ತ್ರಿ, ಧರ್ಮಭಕ್ತ ಮಾಥೆಮಾ, ದಶರಥ್ ಚಂದ್, ಗಂಗಾಲಾಲ್ ಶ್ರೇಷ್ಠ.

ಆಗ ನೇಪಾಳದಲ್ಲಿ ರಾಜ ಇದ್ದದ್ದು ಹೆಸರಿಗೆ ಮಾತ್ರ. 1846ರಿಂದ ಅಧಿಕಾರವೆಲ್ಲ ರಾಣಾ ಮನೆತನದ ಪ್ರಧಾನಿಗಳ ಕೈಯಲ್ಲಿತ್ತು. ಪ್ರಧಾನಿ ಪಟ್ಟ ಆ ಮನೆತನದೊಳಗೇ ಸುತ್ತುತ್ತಿತ್ತು. ಪಕ್ಷ ಕಟ್ಟುವಂತಿಲ್ಲ, ಸಭೆ ಸೇರುವಂತಿಲ್ಲ. ಇಂಥ ಕಾಲದಲ್ಲಿ, 1936ರಲ್ಲಿ, ಪ್ರಜಾ ಪರಿಷದ್ ಎಂಬ ಗುಪ್ತ ಸಂಘಟನೆ ಹುಟ್ಟಿತು. ರಾತ್ರಿ ಹೊತ್ತು ರಾಣಾಗಳ ವಿರುದ್ಧ ಕರಪತ್ರ ಹಂಚುವುದು ಅದರ ಮುಖ್ಯ ಕೆಲಸವಾಗಿತ್ತು. 1940ರ ಅಕ್ಟೋಬರ್‌ನಲ್ಲಿ ಗುಟ್ಟು ಬಯಲಾಗಿ ಎಲ್ಲರೂ ಸಿಕ್ಕಿಬಿದ್ದರು.

ಶಿಕ್ಷೆ ಕೊಟ್ಟ ರೀತಿ ಗಮನಿಸಬೇಕು. ಪರಿಷದ್‌ನ ಅಧ್ಯಕ್ಷ ಟಂಕಪ್ರಸಾದ್ ಆಚಾರ್ಯ. ಅವರಿಗೆ ಮರಣದಂಡನೆ ಆಗಲಿಲ್ಲ. ಕಾರಣ ಇಷ್ಟೇ, ಅವರು ಬ್ರಾಹ್ಮಣರು. 1854ರ ಮುಲುಕಿ ಐನ್ ಎಂಬ ಕಾನೂನಿನ ಪ್ರಕಾರ ಬ್ರಾಹ್ಮಣರನ್ನು ಕೊಲ್ಲುವಂತಿರಲಿಲ್ಲ. ತಲೆ ಬೋಳಿಸಿ ಜೈಲಿಗೆ ಹಾಕಿದರು. ಮುಂದೆ 1956ರಲ್ಲಿ ಅವರೇ ಪ್ರಧಾನಿಯಾದರು. ಇನ್ನೊಂದು ಕಡೆ, ಶುಕ್ರರಾಜ್ ಶಾಸ್ತ್ರಿ ಪ್ರಜಾ ಪರಿಷದ್‌ನವರೇ ಅಲ್ಲ. ಅವರು ಆರ್ಯ ಸಮಾಜದ ಮನೆತನದವರು, ಗಾಂಧೀಜಿಯನ್ನು ಭೇಟಿಯಾಗಿ ಬಂದವರು. ನಾಗರಿಕ ಹಕ್ಕುಗಳಿಗಾಗಿ ಬೇರೊಂದು ಸಮಿತಿ ಕಟ್ಟಿ, ಇಂದ್ರಚೌಕದಲ್ಲಿ ಭಾಷಣ ಮಾಡಿಸಿ, ಪರಿಷದ್‌ನವರು ಸಿಕ್ಕಿಬೀಳುವ ಹೊತ್ತಿಗೆ ಆಗಲೇ ಜೈಲಿನಲ್ಲಿದ್ದರು. ಆದರೂ ಮೊದಲು ಗಲ್ಲಿಗೇರಿಸಿದ್ದು ಅವರನ್ನೇ, ಟೇಕುವಿನಲ್ಲಿ. ಧರ್ಮಭಕ್ತರನ್ನು ಪಶುಪತಿನಾಥ ದೇವಸ್ಥಾನದಿಂದ ಹೆಚ್ಚು ದೂರವಿಲ್ಲದ ಸಿಫಲ್‌ನಲ್ಲಿ ಗಲ್ಲಿಗೇರಿಸಿದರು. ನಮ್ಮ ಕರಾವಳಿಯ ಭಟ್ಟರು ಪೂಜೆ ಮಾಡುವ ದೇವಸ್ಥಾನ ಅದು. ದಶರಥ್ ಚಂದ್ ಮತ್ತು ಇಪ್ಪತ್ತು ದಾಟಿದ್ದಷ್ಟೇ ಆಗಿದ್ದ ಗಂಗಾಲಾಲ್ ಅವರನ್ನು ವಿಷ್ಣುಮತಿ ನದಿಯ ದಡದ ಶೋಭಾ ಭಗವತಿಯಲ್ಲಿ ಗುಂಡಿಟ್ಟು ಕೊಂದರು.

ಅಂದರೆ ಯಾರು ಸಾಯಬೇಕು ಎಂಬುದನ್ನು ಜಾತಿ, ಕಾನೂನು, ಪ್ರಧಾನಿ ಜುದ್ಧ ಶಂಶೇರರ ಸಿಟ್ಟು ಸೇರಿ ತೀರ್ಮಾನಿಸಿದವು. ಯಾರು ನೆನಪಿನಲ್ಲಿ ಉಳಿಯಬೇಕು ಎಂಬುದೂ ಹಾಗೆಯೇ ಆಯಿತು. ಈ ನಾಲ್ವರ ಹೆಸರು ಇಂದು ನಗರದ ತುಂಬ ಇದೆ. ಟೇಕುವಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಶುಕ್ರರಾಜರ ಹೆಸರಿನದು. ಫುಟ್‌ಬಾಲ್ ನೋಡುವವರಿಗೆ ಗೊತ್ತಿರುವ ದಶರಥ ರಂಗಶಾಲಾ ದಶರಥ್ ಚಂದ್ ಅವರದು. ದೇಶದ ದೊಡ್ಡ ಹೃದ್ರೋಗ ಆಸ್ಪತ್ರೆ ಗಂಗಾಲಾಲ್ ಹೆಸರಿನದು. ಇವರನ್ನು ಕೊಲ್ಲಿಸಿದ ಜುದ್ಧ ಶಂಶೇರರ ಪ್ರತಿಮೆಯೂ ನ್ಯೂ ರೋಡ್‌ನಲ್ಲಿ ಇವತ್ತಿಗೂ ಇದೆ. ಶಹೀದ್ ಗೇಟ್‌ನಿಂದ ನಡೆದೇ ಹೋಗಬಹುದಾದಷ್ಟು ದೂರ! 1934ರ ಭೂಕಂಪದ ನಂತರ ನಗರ ಮತ್ತೆ ಕಟ್ಟಿಸಿದವರು ಎಂಬ ಹೆಸರು ಅವರಿಗಿದೆ, ಹಾಗಾಗಿ ಪ್ರತಿಮೆ ಉಳಿದುಕೊಂಡಿತು.

ಕಮಾನಿಗೆ ರಾಜ ಬಂದದ್ದು ಹೇಗೆ

ಶಹೀದ್ ಗೇಟ್‌ನಲ್ಲಿ ಈ ನಾಲ್ವರ ಜೊತೆ ಐದನೆಯ ಪ್ರತಿಮೆಯೊಂದಿದೆ. ಅದು ರಾಜ ತ್ರಿಭುವನ್ ಅವರದು. ಪ್ರಜಾಪ್ರಭುತ್ವಕ್ಕಾಗಿ ಸತ್ತವರ ಕಮಾನಿನಲ್ಲಿ ರಾಜನಿಗೇನು ಕೆಲಸ?

ಕೆಲಸ ಸ್ವಲ್ಪ ಇದೆ ಎನ್ನಬೇಕು. ತ್ರಿಭುವನ್ ಕೂಡ ರಾಣಾಗಳ ಕೈಯಲ್ಲಿ ಅರಮನೆಯ ಕೈದಿಯಂತೆಯೇ ಇದ್ದವರು. ರಾಜನಿಗೆ ವ್ಯಾಯಾಮ ಕಲಿಸುತ್ತಿದ್ದವರು ಧರ್ಮಭಕ್ತ ಮಾಥೆಮಾ. ಪ್ರಜಾ ಪರಿಷದ್‌ಗೂ ಅರಮನೆಗೂ ಸಂಪರ್ಕ ಬೆಳೆದದ್ದು ಅವರಿಂದಲೇ. 1950ರ ನವೆಂಬರ್‌ನಲ್ಲಿ ತ್ರಿಭುವನ್ ಕುಟುಂಬ ಸಮೇತ ಭಾರತದ ರಾಯಭಾರ ಕಚೇರಿಗೆ ಹೋಗಿ ಆಶ್ರಯ ಪಡೆದು, ದೆಹಲಿಗೆ ಬಂದರು. ಅದೇ ಹೊತ್ತಿಗೆ ನೇಪಾಳಿ ಕಾಂಗ್ರೆಸ್ ಸಶಸ್ತ್ರ ಹೋರಾಟ ಶುರು ಮಾಡಿತು. 1951ರ ಫೆಬ್ರವರಿಯಲ್ಲಿ ರಾಣಾ ಆಡಳಿತ ಮುಗಿಯಿತು. ರಾಜನ ಪಾತ್ರ ಸುಮ್ನೆ ಕಟ್ಟಿದ ಕಥೆಯೇನಲ್ಲ.

ಆದರೆ ಆ ಕಮಾನಿನ ಲಾಭ ಸಿಕ್ಕಿದ್ದು ಅವರ ಮಗ ಮಹೇಂದ್ರರಿಗೆ. 1960ರ ಡಿಸೆಂಬರ್‌ನಲ್ಲಿ ಮಹೇಂದ್ರ ಚುನಾಯಿತ ಪ್ರಧಾನಿ ಬಿ.ಪಿ. ಕೊಯಿರಾಲಾರನ್ನು ಜೈಲಿಗೆ ಹಾಕಿದರು. ಪಕ್ಷಗಳನ್ನು ನಿಷೇಧಿಸಿ, ಪಂಚಾಯತ್ ಎಂಬ ಪಕ್ಷರಹಿತ ವ್ಯವಸ್ಥೆ ತಂದರು. ಅದು 30 ವರ್ಷ ನಡೆಯಿತು. ಆ 30 ವರ್ಷವೂ ಮಾಘ ಮಾಸ ಬಂದರೆ ಹುತಾತ್ಮರ ಸಪ್ತಾಹ. (ಅಲ್ಲಿನ ಮಾಘ ಸೌರಮಾನದ್ದು, ನಮ್ಮ ಮಕರ ಸಂಕ್ರಾಂತಿಯ ಹೊತ್ತಿಗೆ ಶುರುವಾಗುತ್ತದೆ. ಮಾಘ 10ರಿಂದ 16ರವರೆಗೆ ಸಪ್ತಾಹ.) ಪಕ್ಷ ಕಟ್ಟಿದ್ದಕ್ಕೆ ಸತ್ತವರಿಗೆ, ಪಕ್ಷ ಕಟ್ಟುವುದನ್ನೇ ನಿಷೇಧಿಸಿದ ಸರ್ಕಾರ ಹೂವಿನ ಹಾರ ಹಾಕಿತು. ಯಾರಿಗೂ ಇದು ವಿಚಿತ್ರ ಅನ್ನಿಸಬಾರದು ಎಂದರೆ ಕಥೆಯನ್ನು ಸ್ವಲ್ಪ ತಿರುಗಿಸಿ ಹೇಳಬೇಕು. ಹೋರಾಟ ನಡೆದದ್ದು ರಾಣಾಗಳ ವಿರುದ್ಧ, ಗೆದ್ದು ಕೊಟ್ಟವರು ರಾಜ, ಅಲ್ಲಿಗೆ ಮುಗಿಯಿತು. ಊರ ಜಾತ್ರೆಯ ಬ್ಯಾನರ್‌ನಲ್ಲಿ ದೇವರ ಪಕ್ಕ ಶಾಸಕರ ಫೋಟೋ ಇರುತ್ತದಲ್ಲ, ಹಾಗೆ ರಾಜ ಆ ಕಮಾನಿನಲ್ಲಿ ನಿಂತರು.

2008ರ ಮೇ 28ರಂದು ನೇಪಾಳ ಗಣರಾಜ್ಯವಾಯಿತು. ರಾಜನ ಪ್ರತಿಮೆ ಹುತಾತ್ಮರ ನಡುವೆ ಇರಬಾರದು ಎನ್ನುವವರ ದನಿ ಜೋರಾಯಿತು. ಇತಿಹಾಸದಲ್ಲಿ ನಡೆದದ್ದನ್ನು ಸುತ್ತಿಗೆ ಹಿಡಿದು ತಿದ್ದಬೇಡಿ ಎನ್ನುವವರೂ ಇದ್ದರು. ಎರಡೂ ಕಡೆ ತಕ್ಕಷ್ಟು ಸತ್ಯವಿದೆ. ಅಂದಹಾಗೆ, ಕಠ್ಮಂಡುವಿನ ವಿಮಾನ ನಿಲ್ದಾಣಕ್ಕೆ ಇವತ್ತಿಗೂ ತ್ರಿಭುವನ್ ಅವರದೇ ಹೆಸರು. ಗಣರಾಜ್ಯಕ್ಕೆ ಬೇರೆಯೇ ಸ್ಮಾರಕ ಬೇಕೆಂದು ಹಳೆಯ ಅರಮನೆ ನಾರಾಯಣಹಿತಿಯ ಆವರಣದಲ್ಲಿ ಕಟ್ಟಲು ಹೊರಟರು. ಅದು ವರ್ಷಗಟ್ಟಲೆ ಕುಂಟಿತು.

ನಾಲ್ಕು ಹೆಸರಿಂದ ಸಾವಿರಾರು ಹೆಸರಿಗೆ

ಕಮಾನಿನಲ್ಲಿರುವುದು ನಾಲ್ಕೇ ಹೆಸರು. ಅದರಲ್ಲಿ ಮೂವರು ಕಠ್ಮಂಡು ಕಣಿವೆಯ ನೇವಾರ್ ಸಮುದಾಯದವರು. ದಶರಥ್ ಚಂದ್ ಮಾತ್ರ ದೂರದ ಬೈತಡಿಯವರು. ಹೀಗಾಗಿ 1990ರ ನಂತರ ಮಾತಾಡಲು ಅವಕಾಶ ಸಿಕ್ಕಿದ ಕೂಡಲೇ ಬೇರೆಯವರು ಕೇಳತೊಡಗಿದರು: ನಮ್ಮವರೆಲ್ಲಿ?

ಮಗರ್ ಸಮುದಾಯದವರು ಲಖನ್ ಥಾಪಾರ ಹೆಸರು ಮುಂದಿಟ್ಟರು. ರಾಣಾ ಆಡಳಿತದ ವಿರುದ್ಧ ಎದ್ದು 1877ರಲ್ಲಿ ಗಲ್ಲಿಗೇರಿದ ಮಾಜಿ ಸೈನಿಕ ಅವರು. ಮೇಲಿನ ನಾಲ್ವರಿಗಿಂತ 60 ವರ್ಷಕ್ಕೂ ಹಿಂದಿನವರು. ಕೊನೆಗೆ ಸರ್ಕಾರ ಅವರನ್ನು ಮೊದಲ ಹುತಾತ್ಮ ಎಂದು ಒಪ್ಪಿತು. ಬಿಹಾರ, ಉತ್ತರ ಪ್ರದೇಶಕ್ಕೆ ತಾಗಿದ ಬಯಲು ಸೀಮೆಯ ಮಧೇಶಿಗಳ ಕಥೆ ಇನ್ನೊಂದು. 2007ರ ಜನವರಿಯಲ್ಲಿ ಲಹಾನ್ ಪೇಟೆಯಲ್ಲಿ 16 ವರ್ಷದ ಹುಡುಗನೊಬ್ಬ ಗುಂಡಿಗೆ ಸತ್ತ. ಅಲ್ಲಿಂದ ಹೊತ್ತಿದ ಚಳವಳಿ ದೇಶಕ್ಕೆ ಒಕ್ಕೂಟ ವ್ಯವಸ್ಥೆ ತಂದುಕೊಟ್ಟಿತು. ಆ ಹುಡುಗ ಸತ್ತದ್ದು ಮಾಘ 5ರಂದು. ಮಧೇಶಿಗಳು ಬಲಿದಾನ ದಿನ ಆಚರಿಸುವುದು ಅಂದೇ. ಕಠ್ಮಂಡುವಿನ ಸಪ್ತಾಹ ಶುರುವಾಗುವುದು ಅದಾಗಿ ಐದು ದಿನಕ್ಕೆ. ಒಂದೇ ತಿಂಗಳಲ್ಲಿ ಎರಡು ದೇಶಗಳ ಹುತಾತ್ಮರ ದಿನವೇನೋ ಅನ್ನಿಸುವಂತಿದೆ.

ಇದರ ನಡುವೆ 1996ರಿಂದ 2006ರವರೆಗೆ ಮಾವೋವಾದಿಗಳ ಯುದ್ಧ. ಸತ್ತವರು 13 ಸಾವಿರ ಎಂದು ಒಂದು ಲೆಕ್ಕ, 17 ಸಾವಿರ ಎಂದು ಇನ್ನೊಂದು. ಮಾವೋವಾದಿಗಳು ತಮ್ಮವರನ್ನು ಹುತಾತ್ಮರು ಎಂದರು, ಸೈನಿಕರ ಮನೆಯವರು ತಮ್ಮವರನ್ನು. ಆಮೇಲೆ ಮಾವೋವಾದಿಗಳೇ ಸರ್ಕಾರ ನಡೆಸಿದರು. ಆಗಿನಿಂದ ಹುತಾತ್ಮ ಪಟ್ಟ ಕೊಡುವುದು ಸಂಪುಟ ಸಭೆಯಲ್ಲಿ ತೀರ್ಮಾನವಾಗುವ ಮಾಮೂಲಿ ವಿಷಯವಾಯಿತು. ಯಾವ ಸರ್ಕಾರ ಬಂದರೆ ಆ ಕಡೆಯವರ ಹೆಸರು ಸೇರುತ್ತದೆ. ಜೊತೆಗೆ ಪರಿಹಾರದ ಹಣ. ಬಡ ಕುಟುಂಬಕ್ಕೆ ಅದು ಸಣ್ಣ ವಿಷಯವಲ್ಲ, ಆದ್ದರಿಂದ ಅದನ್ನು ಕೇಳಿದವರನ್ನು ದುರಾಸೆಯವರು ಎನ್ನುವುದೂ ಸರಿಯಲ್ಲ.

2025ರ ವಾದ ವಿವಾದ

ಜೆನ್ ಝೀ ಚಳವಳಿಯಲ್ಲಿ ಮಕ್ಕಳನ್ನು ಕಳೆದುಕೊಂಡವರ ಬೇಡಿಕೆಯಲ್ಲಿ ಹಣಕ್ಕಿಂತ ದೊಡ್ಡದೊಂದು ಇತ್ತು. ಅಧಿಕಾರದಲ್ಲಿದ್ದ ಓಲಿ, ಮೆರವಣಿಗೆಯಲ್ಲಿ ಬೇರೆಯವರು ನುಸುಳಿದ್ದರು ಎಂದು ಹೇಳಿದ್ದರು. ಆಮೇಲೆ, ಗುಂಡು ಹಾರಿಸಲು ತಮ್ಮ ಸರ್ಕಾರ ಆದೇಶ ಕೊಟ್ಟೇ ಇರಲಿಲ್ಲ ಎಂದೂ ಹೇಳಿದರು. ಹಾಗಾದರೆ ಕಾಲೇಜು ಬ್ಯಾಗ್ ಹಾಕಿಕೊಂಡು ಪ್ರತಿಭಟನೆಯ ಜಾಗವಾದ ಮೈತಿಘರ್‌ಗೆ ಹೋದ ಮಗ ಏನಾಗಿದ್ದ, ದೊಂಬಿಯವನೇ? ಹುತಾತ್ಮ ಎಂಬ ಸರ್ಕಾರಿ ಪತ್ರ ಆ ಆರೋಪಕ್ಕೆ ಉತ್ತರ. ನಮ್ಮ ಹುಡುಗ ತಪ್ಪು ಮಾಡಿರಲಿಲ್ಲ ಎಂದು ಸರ್ಕಾರದ ಬಾಯಲ್ಲೇ ಹೇಳಿಸುವುದು.

ವಿರೋಧ ಇದ್ದವರ ವಾದವೂ ಕೇಳುವಂಥದ್ದೇ. ಸೆಪ್ಟೆಂಬರ್ 8ರಂದು ನಡೆದದ್ದು ನಿರಾಯುಧ ಜನರ ಮೇಲೆ ಗುಂಡು. 9ರಂದು ನಡೆದದ್ದರಲ್ಲಿ ಬೆಂಕಿ, ಲೂಟಿ, ಜೈಲು ಮುರಿದದ್ದು ಎಲ್ಲ ಸೇರಿದೆ. ದೇಶಾದ್ಯಂತ 13 ಸಾವಿರಕ್ಕೂ ಹೆಚ್ಚು ಕೈದಿಗಳು ಓಡಿಹೋದರು. ಎರಡೂ ದಿನಗಳನ್ನು ಒಂದೇ ಹೆಸರಿನಡಿ ತಂದರೆ 8ರಂದು ಸತ್ತವರ ಗೌರವಕ್ಕೇ ಕುಂದು, ತಂದಿಲ್ಲವೆಂದರೆ 9ರಂದು ಸುಮ್ಮನೆ ದಾರಿಯಲ್ಲಿ ಹೋಗುತ್ತಿದ್ದು ಸತ್ತವರ ಮನೆಯವರಿಗೆ ಅನ್ಯಾಯ. ಪೊಲೀಸರ ಮನೆಯವರು ಕೇಳುವುದು ಇನ್ನೂ ನೇರ ಪ್ರಶ್ನೆ: ಶರಣಾದ ಮೇಲೂ ಹೊಡೆದು ಕೊಂದರೆ ಅದು ಯಾವ ಚಳವಳಿ?

ಸರ್ಕಾರ ಮೊದಲು ದಿನಾಂಕದ ಗೆರೆ ಎಳೆಯಿತು. ಅದು ಸುಲಭದ ದಾರಿ. ಪ್ರತಿ ಸಾವನ್ನೂ ಒಂದೊಂದಾಗಿ ಪರಿಶೀಲಿಸಿ, ಯಾರು ಎಲ್ಲಿ ಯಾರ ಗುಂಡಿಗೆ ಬಿದ್ದರು ಎಂದು ಬರೆದಿಟ್ಟ ಮೇಲೆ ಹೆಸರು ಕೊಡಬಹುದಿತ್ತು. ಆದರೆ ಅದಕ್ಕೆ ತಿಂಗಳುಗಟ್ಟಲೆ ಬೇಕು, ಮತ್ತು ಅದರಲ್ಲಿ ಗುಂಡು ಹೊಡೆದವರ ಹೆಸರೂ ಬರುತ್ತದೆ.

ಬೀರು ಸೇರಿದ ಎರಡು ವರದಿಗಳು

ನಿಜವಾದ ತೊಡಕು ಇಲ್ಲಿದೆ. ನೇಪಾಳದಲ್ಲಿ ಪ್ರತಿ ದೊಡ್ಡ ಚಳವಳಿಯ ನಂತರ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ: ಹುತಾತ್ಮರ ಪಟ್ಟಿ ಮತ್ತು ತನಿಖಾ ಆಯೋಗ. ಮೊದಲನೆಯದು ಮುಗಿಯುತ್ತದೆ. ಎರಡನೆಯದು ವರದಿಯಲ್ಲೇ ನಿಲ್ಲುತ್ತದೆ.

1990ರ ಜನಾಂದೋಲನ ನೋಡಿ. ಫೆಬ್ರವರಿ 18ರಂದು ಶುರುವಾಯಿತು, ಏಪ್ರಿಲ್ 6ರಂದು ಅರಮನೆಯ ಕಡೆ ನಡೆದ ಜನರ ಮೇಲೆ ದರ್ಬಾರ್ ಮಾರ್ಗದಲ್ಲಿ ಗುಂಡು ಹಾರಿತು. ಎರಡು ದಿನದಲ್ಲಿ ರಾಜ ಬೀರೇಂದ್ರ ಮಣಿದು ಪಕ್ಷಗಳ ಮೇಲಿನ ನಿಷೇಧ ತೆಗೆದರು. ಆ ಚಳವಳಿಯ ಹಿರಿಯ ನಾಯಕ ಗಣೇಶ್‌ಮಾನ್ ಸಿಂಗ್ 1940ರಲ್ಲಿ ಪ್ರಜಾ ಪರಿಷದ್‌ನವರ ಜೊತೆ ಜೈಲು ಸೇರಿದ್ದವರೇ. ದಮನ ನಡೆಸಿದವರ ಪತ್ತೆಗೆ ಮಲ್ಲಿಕ್ ಆಯೋಗ ಬಂತು. ಅದು ಹೊಣೆಗಾರರ ಹೆಸರುಗಳನ್ನು ಬರೆದು ಕೊಟ್ಟಿತು. ಹೆಸರಿದ್ದವರ ಮೇಲೆ ಕೇಸು ನಡೆಯಲಿಲ್ಲ.

2006ರ ಏಪ್ರಿಲ್‌ನಲ್ಲಿ ರಾಜ ಜ್ಞಾನೇಂದ್ರರ ವಿರುದ್ಧ 19 ದಿನದ ಎರಡನೇ ಜನಾಂದೋಲನ. ಮತ್ತೆ ಸಾವು, ಮತ್ತೆ ಆಯೋಗ. ಈ ಸಲ ರಾಯಮಾಝಿ ಆಯೋಗ. 200ಕ್ಕೂ ಹೆಚ್ಚು ಜನರ ಮೇಲೆ ಕ್ರಮ ಆಗಬೇಕು ಎಂದಿತು. ಆದದ್ದೇನು? 2006ರಲ್ಲಿ ಗುಂಡು ಹಾರಿದಾಗ ಗೃಹ ಮಂತ್ರಿಯಾಗಿದ್ದ ಕಮಲ್ ಥಾಪಾ 2015ರಲ್ಲಿ ಗಣರಾಜ್ಯದ ಉಪಪ್ರಧಾನಿಯಾದರು. ಆ ವರದಿಯಲ್ಲಿ ಹೆಸರಿದ್ದ ಅಧಿಕಾರಿ ಲೋಕಮಾನ್ ಸಿಂಗ್ ಕಾರ್ಕಿ 2013ರಲ್ಲಿ ದೇಶದ ಭ್ರಷ್ಟಾಚಾರ ತನಿಖಾ ಸಂಸ್ಥೆಯ ಮುಖ್ಯಸ್ಥರಾದರು. ಅವರ ನೇಮಕವನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ರದ್ದು ಮಾಡಿತು. ಅದೂ ಆ ಹುದ್ದೆಗೆ ಬೇಕಾದ ಅರ್ಹತೆ ಇಲ್ಲ ಎಂಬ ಕಾರಣಕ್ಕೆ. ಆಗ ಮುಖ್ಯ ನ್ಯಾಯಮೂರ್ತಿ ಯಾರು ಗೊತ್ತಾ? ಇದೇ ಸುಶೀಲಾ ಕಾರ್ಕಿ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಪಿತೂರಿ ಹುಡುಕುವ ಅಗತ್ಯವಿಲ್ಲ. ಚಳವಳಿ ಗೆದ್ದ ಮೇಲೆ ಬರುವುದು ಮಧ್ಯಂತರ ಸರ್ಕಾರ. ಅದರ ಮೊದಲ ಕೆಲಸ ಚುನಾವಣೆ. ಚುನಾವಣೆಗೆ ಪೊಲೀಸರು ಬೇಕು, ಜಿಲ್ಲಾಧಿಕಾರಿಗಳು ಬೇಕು, ಸೇನೆ ಬೇಕು. ನಿನ್ನೆ ಗುಂಡು ಹಾರಿಸಿದವರು, ಹಾರಿಸಲು ಹೇಳಿದವರು ಇದೇ ಸಾಲಿನಲ್ಲಿದ್ದಾರೆ. ಅವರನ್ನು ಹಿಡಿದು ಕೇಸು ಹಾಕಿದರೆ ಇಡೀ ಪಡೆ ಕೈ ಚೆಲ್ಲಿ ಕೂರುತ್ತದೆ ಎಂಬ ಭಯ. 2025ರಲ್ಲಂತೂ ಈ ಭಯ ಇನ್ನೂ ಜಾಸ್ತಿ. ಠಾಣೆಗಳು ಸುಟ್ಟಿದ್ದವು, ಬಂದೂಕುಗಳು ಕಳುವಾಗಿದ್ದವು, ಓಡಿದ ಕೈದಿಗಳನ್ನು ಹಿಡಿದು ತರಬೇಕಿತ್ತು, 2026ರ ಮಾರ್ಚ್ 5ಕ್ಕೆ ಮತದಾನ ನಿಗದಿಯಾಗಿತ್ತು. ಆದ್ದರಿಂದ ಮಧ್ಯಂತರ ಸರ್ಕಾರ ತನಿಖೆಯನ್ನು ಆಯೋಗಕ್ಕೆ ಬಿಡುತ್ತದೆ. ಆಯೋಗ ವರದಿ ಕೊಡುವಷ್ಟರಲ್ಲಿ ಚುನಾಯಿತ ಸರ್ಕಾರ ಬರುತ್ತದೆ. ಅದರಲ್ಲಿ ಹಳೆಯ ಪಕ್ಷಗಳ ಜನ, ಹಳೆಯ ಅಧಿಕಾರಿಗಳ ನೆಂಟರು ಇದ್ದೇ ಇರುತ್ತಾರೆ. ವರದಿ ಬೀರು ಸೇರುತ್ತದೆ.

ಇಷ್ಟರಲ್ಲಿ ಕುಟುಂಬಗಳ ಸಿಟ್ಟು ತಣಿಸಲು ಏನಾದರೂ ಕೊಡಬೇಕಲ್ಲ. ಹುತಾತ್ಮ ಪಟ್ಟ ಕೊಡಲು ಸಂಪುಟದ ಒಂದು ಸಹಿ ಸಾಕು. ಯಾವ ಅಧಿಕಾರಿಯ ಮನಸ್ಸೂ ನೋಯುವುದಿಲ್ಲ. ಸತ್ತವನನ್ನು ದೊಡ್ಡವನನ್ನಾಗಿ ಮಾಡಿದಷ್ಟೂ ಕೊಂದವನು ಮಸುಕಾಗುತ್ತಾನೆ. ಶಹೀದ್ ಗೇಟ್ ಎದುರು ಪ್ರತಿ ಮಾಘದಲ್ಲೂ ಎಲ್ಲ ಪಕ್ಷದ ನಾಯಕರು ಸಾಲಾಗಿ ನಿಂತು ಹಾರ ಹಾಕಲು ಸಾಧ್ಯವಾಗುವುದು ಇದರಿಂದಲೇ. ಅಲ್ಲಿ ಯಾರ ಮೇಲೂ ಆರೋಪವಿಲ್ಲ.

ಮುಂದೆ ಗಮನಿಸಬೇಕಾದದ್ದು

ಮಾಜಿ ನ್ಯಾಯಾಧೀಶ ಗೌರಿ ಬಹಾದೂರ್ ಕಾರ್ಕಿ ನೇತೃತ್ವದ ಆಯೋಗಕ್ಕೆ ಮೊದಲು ಕೊಟ್ಟದ್ದು ಮೂರು ತಿಂಗಳು. ಗಡುವು ಮುಂದೆ ಹೋಯಿತು. ಗಡುವು ವಿಸ್ತರಣೆ ತಾನೇ ಕೆಟ್ಟದ್ದಲ್ಲ, ಅವಸರದ ವರದಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಆಯೋಗದ ಕೈಯಲ್ಲಿದ್ದದ್ದು ಶಿಫಾರಸು ಮಾತ್ರ. ಕೇಸು ಹಾಕಬೇಕಾದವರು ಅಟಾರ್ನಿ ಜನರಲ್, ಅವರನ್ನು ನೇಮಿಸಲು ಹೆಸರು ಕೊಡುವವರು ಪ್ರಧಾನಿ. ಅಂದರೆ 1990ರಲ್ಲಿ, 2006ರಲ್ಲಿ ಸರಪಳಿ ಎಲ್ಲಿ ತುಂಡಾಯಿತೋ ಆ ಕೊಂಡಿ ಇನ್ನೂ ಅಲ್ಲೇ ಇದೆ, ಬಲಪಡಿಸಿದವರಿಲ್ಲ.

ಹಿಂದಿಗಿಂತ ಬೇರೆಯಾದದ್ದು ಎರಡು. ಒಂದು, ಈ ಸಲ ಗುಂಡು ಹಾರುವುದನ್ನು ನೂರಾರು ಮೊಬೈಲ್‌ಗಳು ಚಿತ್ರೀಕರಿಸಿವೆ. 1990ರಲ್ಲಿ ಎಷ್ಟು ಜನ ಸತ್ತರು ಎಂಬುದೇ ವಿವಾದವಾಗಿತ್ತು, ಈಗ ಯಾವ ತಿರುವಿನಲ್ಲಿ ಯಾವ ನಿಮಿಷಕ್ಕೆ ಎಂಬುದನ್ನೂ ತೋರಿಸಬಹುದು. ಎರಡು, ಚಳವಳಿ ಮಾಡಿದವರಿಗೆ ಪಕ್ಷವಿರಲಿಲ್ಲ. ಹಿಂದಿನ ಎರಡೂ ಸಲ ಪಕ್ಷಗಳು ಅಧಿಕಾರ ಹಂಚಿಕೊಂಡು, ಹಳೆಯದನ್ನು ಮರೆಯೋಣ ಎಂದು ಒಪ್ಪಂದಕ್ಕೆ ಬರಲು ಸಾಧ್ಯವಾಗಿತ್ತು. ಈ ಸಲ ಬೀದಿಯಲ್ಲಿದ್ದವರ ಪರವಾಗಿ ಹಾಗೆ ಒಪ್ಪಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಅದೇ ಅವರ ದೌರ್ಬಲ್ಯವೂ ಹೌದು. ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆಯಲು ಕಚೇರಿ, ವಕೀಲರು, ದುಡ್ಡು ಬೇಕು.

ಹೊಸ ಸ್ಮಾರಕದ ಮಾತು ಖಂಡಿತ ಬರುತ್ತದೆ. ಎಲ್ಲಿ, ಎಷ್ಟು ಎತ್ತರ, ಯಾರ ಹೆಸರು ಮೊದಲು ಎಂಬ ಜಗಳವೂ ಬರುತ್ತದೆ. ಮೂವರು ಪೊಲೀಸರ ಹೆಸರು ಕೆತ್ತಬೇಕೋ ಬೇಡವೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಕಲ್ಲಿನ ಕೆಲಸಕ್ಕೆ ಟೆಂಡರ್ ಕರೆಯುವ ಹೊತ್ತಿಗೆ ಕನಿಷ್ಠ ಒಬ್ಬ ಅಧಿಕಾರಿಯ ಮೇಲಾದರೂ, ಗುಂಡು ಹಾರಿಸಲು ಹೇಳಿದ್ದಕ್ಕೆ ಜಿಲ್ಲಾ ಕೋರ್ಟಿನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗಿದೆಯೇ ಎಂದು ನೋಡಬೇಕು. 1990ರ ನಂತರವೂ 2006ರ ನಂತರವೂ ಅಂಥದ್ದೊಂದು ಶಿಕ್ಷೆಯ ಹಂತ ಮುಟ್ಟಲಿಲ್ಲ.